ಹಿಂದಿನ ಸೀಟಿನ ಕಿವಿ

ಶನಿವಾರ ಕನ್ನಡ ತರಗತಿಗೆ ಹೋಗುವಾಗ ಆರು ವರ್ಷದ ಮಗಳು ಹಿಂದಿನ ಸೀಟಿನಿಂದ ಕೇಳಿದಳು: “ಅಮ್ಮಾ, ಕಾರು ಯಾಕೆ ಗೊಂಯ್ ಅಂತಿದೆ?”

“ರಸ್ತೆ ಸದ್ದು ಕಣೇ” ಅಂದೆ. ಎರಡು ವಾರ ಇದೇ ಉತ್ತರ. ಆಮೇಲೆ ಒಂದು ಗ್ಯಾರೇಜಿನಲ್ಲಿ ಟೈರ್ ಸವೆದಿದೆ ಎಂದರು. ನಾಲ್ಕೂ ಬದಲಿಸಿದೆ. ಗೊಂಯ್ ಹೋಗಲಿಲ್ಲ.

ಲ್ಯಾಬಿನಲ್ಲಿ ಹೊಸಬರಿಗೆ “ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ” ಎನ್ನುವವಳು ನಾನೇ. ಕಾರಿನ ವಿಷಯಕ್ಕೆ ಬಂದಾಗ ಅದು ಮರೆತೇ ಹೋಗಿತ್ತು!

ತಪ್ಪು ವೀಲ್ ಬೇರಿಂಗಿನದು. ಚಕ್ರ ಸರಾಗವಾಗಿ ತಿರುಗಲೆಂದು ಅದರೊಳಗೆ ಉಕ್ಕಿನ ಗುಂಡುಗಳೋ ರೋಲರ್‌ಗಳೋ ಗ್ರೀಸಿನಲ್ಲಿ ಉರುಳುತ್ತಿರುತ್ತವೆ. ನಮ್ಮ ಡೌನರ್ಸ್ ಗ್ರೋವ್ ಕಡೆ ಚಳಿಗಾಲದ ಉಪ್ಪುನೀರು, ರಸ್ತೆಗುಂಡಿಯ ಏಟು ಎರಡೂ ಧಾರಾಳ. ಸೀಲ್ ಕೆಟ್ಟು ನೀರು ಒಳಹೊಕ್ಕರೆ ತುಕ್ಕು ಹಿಡಿದು, ಗುಂಡುಗಳು ಉರುಳುವ ದಾರಿ ಒರಟಾಗುತ್ತದೆ.

ನಿಮ್ಮ ಕಾರೂ ಗೊಣಗುತ್ತಿದ್ದರೆ ರೇಡಿಯೋ ಆರಿಸಿ, ಮೂರು ಸಂಗತಿ ಗಮನಿಸಿ.

ವೇಗ: ಸದ್ದು ಕಾರಿನ ವೇಗದ ಜೊತೆ ಏರುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ತಕ್ಷಣ ನಿಲ್ಲದಿದ್ದರೆ ಅದು ಬಹುಶಃ ಎಂಜಿನ್ನಿನದಲ್ಲ.

ರಸ್ತೆ: ಕಾಂಕ್ರೀಟಿನಿಂದ ಡಾಂಬರಿಗೆ ಬಂದಾಗ ಸದ್ದಿನ ರೀತಿಯೇ ಬದಲಾದರೆ ಟೈರಿನ ಮೇಲೆ ಅನುಮಾನ ಪಡಿ. ಬೇರಿಂಗಿಗೆ ರಸ್ತೆ ಯಾವುದಾದರೂ ಒಂದೇ.

ತಿರುವು: ಐ-355ರಿಂದ ಐ-88ಕ್ಕೆ ಸೇರುವಂಥ ಉದ್ದನೆಯ ರ‍್ಯಾಂಪ್‌ನಲ್ಲಿ ಕಿವಿಗೊಡಿ. ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾಗಿ, ಎಡಕ್ಕೆ ತಿರುಗಿದಾಗ ಇಳಿದರೆ, ಎಡಗಡೆಯ ಬೇರಿಂಗ್ ನೋಡಿಸಿ. ಬೇಕೆಂದೇ ಕಾರನ್ನು ಆಚೀಚೆ ಎಳೆದಾಡಬೇಡಿ.

ಉಳಿದದ್ದು ಗ್ಯಾರೇಜಿನ ಕೆಲಸ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತಾರೆ. ಅಲ್ಲಾಡದಿದ್ದರೆ ಬೇರಿಂಗ್ ಚೆನ್ನಾಗಿದೆ ಎಂದರ್ಥವಲ್ಲ. ಸ್ಪ್ರಿಂಗಿನ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿ, ಒರಟು ಕಂಪನ ಇದೆಯೇ ನೋಡಿ ಎಂದು ನೀವೇ ಕೇಳಿ. ನಾನು ಕೇಳಿದೆ. ಸಿಕ್ಕಿದ್ದು ಹಿಂದಿನ ಎಡ ಚಕ್ರದಲ್ಲಿ, ಸರಿಯಾಗಿ ಮಗಳ ಸೀಟಿನ ಪಕ್ಕದಲ್ಲೇ.

“ಇನ್ನೊಂದಿಷ್ಟು ದಿನ ಓಡಲಿ” ಎಂದುಕೊಳ್ಳಬೇಡಿ. ಪೂರ್ತಿ ಕೆಟ್ಟ ಬೇರಿಂಗಿನಿಂದ ಚಕ್ರವೇ ಸಡಿಲವಾಗಬಹುದು.

ನಿಧಾನವಾಗಿ ಏರುವ ಸದ್ದಿಗೆ ದಿನವೂ ಓಡಿಸುವ ನಮ್ಮ ಕಿವಿ ಒಗ್ಗಿಹೋಗುತ್ತದೆ. ಮಗಳ ಕಿವಿ ಒಗ್ಗಿರಲಿಲ್ಲ. ನನ್ನ ಮಗಳಿಗೆ “ನೀನು ಹೇಳಿದ್ದು ಸರಿ ಕಣೇ” ಎಂದಾಗ ಅವಳು ಕೇಳಿದ್ದು ಒಂದೇ: “ಮತ್ತೆ ಟೈರ್ ಯಾಕೆ ತಗೊಂಡೆ?”

ಉತ್ತರ ಇನ್ನೂ ಹುಡುಕುತ್ತಿದ್ದೇನೆ.