ಆ ಕೋಣೆ ಬಡವರಿಗಷ್ಟೇ ಅಲ್ಲ

ಅಕ್ಕಲಕೋಟೆ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ನಮಗೆ ಬಹುಕಾಲದ ಪರಿಚಿತರು. ಕಳೆದ ವರ್ಷ ಅವರ ತಾಯಿಯವರಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ಶಸ್ತ್ರಕ್ರಿಯೆ ಆಯಿತು. ಆಮೇಲೆ 21 ದಿನಕ್ಕೊಮ್ಮೆ ಕಿಮೋಥೆರಪಿ. ಬೆಳಿಗ್ಗೆ ಹೋಗಿ ಸಲಾಯಿನ್ ಹಚ್ಚಿಸಿಕೊಂಡು ರಾತ್ರಿಯ ಹೊತ್ತಿಗೆ ಮನೆ ಸೇರುವುದು. ಆಸ್ಪತ್ರೆಯಲ್ಲಿ ಮಲಗಬೇಕಾದ ಪ್ರಸಂಗವಿಲ್ಲ. ಮೊದಲ ದಿನವೇ ನರ್ಸ್ ಒಬ್ಬರು, ಹೊರರೋಗಿ ವಿಭಾಗದ ಸಮಾಜ ಕಾರ್ಯಕರ್ತೆಯನ್ನು ಒಮ್ಮೆ ಕಂಡು ಹೋಗಿರೆಂದು ಹೇಳಿದರು. "ನಮಗ್ಯಾಕ್ರಿ ಅದು? ರೊಕ್ಕದ ಅಡಚಣಿ ಏನಿಲ್ಲ. ಬಡವರಿಗಿ ಮಾಡ್ರಿ" ಎಂದು ಮಗ ಕೈಮುಗಿದು ಹೊರಟುಬಂದರು.

ಅಡಚಣಿ ಬೇರೆ ಕಡೆ ಇತ್ತು. ತಾಯಿಯವರಿಗೆ ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ನಿಯಮ. ಅವರು ಮನೆ ತಲುಪುವಷ್ಟರಲ್ಲಿ ದೀಪ ಹಚ್ಚಿರುತ್ತಿತ್ತು. ವಾಂತಿ ತಡೆಯಲೆಂದು ರಾತ್ರಿಗೆ ಬರೆದುಕೊಟ್ಟ ಗುಳಿಗೆ ಡಬ್ಬಿಯಲ್ಲೇ ಉಳಿಯುತ್ತಿತ್ತು. ಅವರು ಹೇಳಲಿಲ್ಲ, ಸೊಸೆ ಕೇಳಲಿಲ್ಲ, ಡಾಕ್ಟರರಿಗೆ ಗೊತ್ತಿರಲಿಲ್ಲ. ಎರಡನೆಯ ಸರದಿಯ ನಂತರ ಜ್ವರ ಬಂದಿತು. ಆ ವಾರ ಮೊಮ್ಮಗಳನ್ನು ನೋಡಲು ಬೀಗರಾಗುವವರು ಬರುವುದಿತ್ತು. ಮನೆಯಲ್ಲಿ ಇಂಥ ಬೇನೆ ಇದೆಯೆಂದು ಹೊರಗೆ ಬೀಳಬಾರದೆಂದು ಅಜ್ಜಿಯನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ, ಎರಡು ದಿನ ಜ್ವರದ ಗುಳಿಗೆಯಿಂದಲೇ ಕಳೆದರು. ಕಿಮೋ ನಡೆದಿರುವಾಗ ರಕ್ತದ ಬಿಳಿಕಣಗಳು ಇಳಿದಿರುತ್ತವೆ, 100.4 ಡಿಗ್ರಿ ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ತಿಳಿಸಬೇಕು. ಆ ತಾಯಿ ಉಳಿದದ್ದು ಅವರ ಆಯುಷ್ಯ ಗಟ್ಟಿಯಿದ್ದುದರಿಂದ.

ಮೂರನೆಯ ಸರದಿಗೆ ಹೋದಾಗ ಆ ಸಮಾಜ ಕಾರ್ಯಕರ್ತೆ ತಾವೇ ಎದ್ದು ಬಂದು ಬೆಂಚಿನ ಮೇಲೆ ಅಜ್ಜಿಯ ಪಕ್ಕದಲ್ಲಿ ಕುಳಿತರು. ರೊಕ್ಕದ ಮಾತನ್ನೇ ಎತ್ತಲಿಲ್ಲ. "ಅವ್ವಾರ, ರಾತ್ರಿ ಗುಳಿಗಿ ಯಾರು ಕೊಡ್ತಾರ?" ಎಂದಷ್ಟೇ ಕೇಳಿದರು. ಅಜ್ಜಿ ಅತ್ತರು. ವ್ರತ, ಜ್ವರ, ಮೊಮ್ಮಗಳ ಸೋಯರಿಕೆ, ಎಲ್ಲ ಅರ್ಧ ಗಂಟೆಯಲ್ಲಿ ಹೊರಬಂತು. ಅಂದೇ ಅವರು ಡಾಕ್ಟರರೊಡನೆ ಮಾತಾಡಿದರು. ಸರದಿಯನ್ನು ಬೆಳಗಿನ ಮೊದಲ ತಂಡಕ್ಕೆ ಬದಲಿಸಿದರು. ಗುಳಿಗೆಯ ಹೊತ್ತನ್ನು ಡಾಕ್ಟರರು ಸೂರ್ಯಾಸ್ತದೊಳಗೆ ಹೊಂದಿಸಿಕೊಟ್ಟರು. ಎಲ್ಲ ಔಷಧಿಗೂ ಹೀಗೆ ಆಗುವುದಿಲ್ಲ, ಕೇಳದೆ ನಾವಾಗಿ ಬದಲಿಸಬಾರದು ಎಂಬ ಎಚ್ಚರಿಕೆಯನ್ನೂ ಕೊಟ್ಟರಂತೆ. ಗಡ್ಡೆ-ಗೆಣಸು ಬಿಟ್ಟವರು ಬಾಯಿಹುಣ್ಣಿನಲ್ಲಿ ಏನು ಉಣ್ಣಬೇಕೆಂದು ಆಹಾರ ತಜ್ಞರಿಂದ ಹೆಸರುಬೇಳೆ, ಹಾಲು, ತುಪ್ಪದ ಪಟ್ಟಿ ಬರೆಸಿಕೊಟ್ಟರು.

ವೈದ್ಯರ ಕೇಸ್‌ಪೇಪರಿನಲ್ಲಿ ಗಂಟಿನ ಅಳತೆ ಇರುತ್ತದೆ, ರಕ್ತದ ಲೆಕ್ಕ ಇರುತ್ತದೆ. ಮನೆಯಲ್ಲಿ ಅನ್ನ ಬಡಿಸುವವರು ಯಾರು, ರೋಗಿ ಯಾವುದನ್ನು ಮುಚ್ಚಿಡುತ್ತಿದ್ದಾರೆ ಎಂಬ ಕಿರ್ದಿ ಬರೆಯುವವರು ಈ ಕಾರ್ಯಕರ್ತರು. ಈ ಕೆಲಸ ಹುಟ್ಟಿದ್ದೇ ಹೊರರೋಗಿ ವಿಭಾಗದಲ್ಲಿ. 1905ರಲ್ಲಿ ಅಮೇರಿಕೆಯ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಅವರು, ಔಷಧಿ ಬರೆದುಕೊಟ್ಟರೂ ರೋಗಿ ಮನೆಗೆ ಹೋಗಿ ಏನು ಮಾಡುತ್ತಾನೆಂದು ತಮಗೆ ತಿಳಿಯುವುದಿಲ್ಲವಲ್ಲ ಎಂಬ ಚಿಂತೆಯಿಂದ ಇದನ್ನು ಪ್ರಾರಂಭಿಸಿದರು. ನಮ್ಮ ದೇಶದಲ್ಲಿ ಮೊದಲ ನೇಮಕವಾದದ್ದು 1946ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ. ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾದಾಗಲೂ ಸಿಬ್ಬಂದಿ ಹಳ್ಳಿ ಹಳ್ಳಿಗೆ ಹೋಗಿ ಜನರೊಡನೆ ಕುಳಿತು ಮಾತಾಡಬೇಕಾಯಿತು.

ರೊಕ್ಕದ ಸಹಾಯವೂ ಅವರ ಕೆಲಸವೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲ್ವೆಯ ಸ್ಲೀಪರ್ ಮತ್ತು ಮೂರನೆಯ ಎ.ಸಿ. ದರ್ಜೆಯಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರನಿಗೆ ಶೇಕಡ 75 ಇದೆ. ಆಸ್ಪತ್ರೆಯ ಡಾಕ್ಟರರ ಸಹಿಯ ನಮೂನೆ ಬೇಕು. ಮಹಾರಾಷ್ಟ್ರದ ಧರ್ಮಾದಾಯ ಆಸ್ಪತ್ರೆಗಳು ಉಚ್ಚ ನ್ಯಾಯಾಲಯದ 2006ರ ಯೋಜನೆಯಂತೆ ಶೇಕಡ 10 ಹಾಸಿಗೆ ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇಕಡ 10 ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ನಿಮ್ಮ ಅಂಗಡಿಯ ಹಮಾಲನ ಮನೆಯಲ್ಲಿ ಈ ಬೇನೆ ಬಂದರೆ ಬರೀ ನೂರಿನ ನೋಟು ಕೈಗಿಡದೆ ಅವನ ಜೊತೆ ಆ ಕೋಣೆಯವರೆಗೆ ಹೋಗಿಬನ್ನಿ. ಯಾವ ಕಾಗದ ಎಲ್ಲಿ ಕೊಡಬೇಕೆಂಬುದು ಅವನಿಗೆ ಒಬ್ಬನಿಗೇ ಬಗೆಹರಿಯದು.

ಸೋಯರಿಕೆಯ ಮಾತಿಗೆ ಬರೋಣ, ನಮ್ಮ ಮನೆಗಳಲ್ಲಿ ದೊಡ್ಡ ಗಂಟು ಇರುವುದು ಅಲ್ಲೇ. ಕ್ಯಾನ್ಸರ್ ಅಂಟುವ ಬೇನೆಯಲ್ಲ. ಸ್ತನದ ಕ್ಯಾನ್ಸರಿನಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ ವಂಶದಿಂದ ಬರುವಂಥವು. ಸಂಶಯವಿದ್ದವರಿಗೆ ಪರೀಕ್ಷೆಯೂ ಸಲಹೆಯೂ ಉಂಟು. ಮುಚ್ಚಿಟ್ಟು ಮಾಡಿದ ಮದುವೆ ಮುಂದೆ ಎರಡು ಮನೆಗಳನ್ನು ಕೆಡಿಸಿದ್ದನ್ನು ನಾವು ಕಂಡಿದ್ದೇವೆ. ಬೀಗರಿಗೆ ಹೇಗೆ ಹೇಳಬೇಕು, ಎಷ್ಟು ಹೇಳಬೇಕು, ಯಾರು ಹೇಳಬೇಕು ಎಂಬುದನ್ನೂ ಆ ಕಾರ್ಯಕರ್ತೆಯ ಜೊತೆ ಕುಳಿತು ಯೋಚಿಸಬಹುದು. ನಮ್ಮ ವ್ಯಾಪಾರಿಗಳು ಹಾಗೆಯೇ ಮಾಡಿದರು. ಒಂದು ಮನೆಯವರು ಹಿಂದೆ ಸರಿದರು. ಇನ್ನೊಂದು ಮನೆಯವರು ಅಜ್ಜಿಯನ್ನು ನೋಡಲೆಂದೇ ಹಣ್ಣು ತಂದರು.

ನಿರ್ವಿಚಿಕಿತ್ಸೆ ಅಂಗಕ್ಕೆ ಉದ್ದಾಯನ ರಾಜನ ಕಥೆಯನ್ನು ಬಸದಿಯಲ್ಲಿ ಎಷ್ಟು ಸಲ ಕೇಳಿಲ್ಲ! ಮುನಿ ಮೈಮೇಲೆ ವಾಂತಿ ಮಾಡಿಕೊಂಡರೂ ಅಸಹ್ಯಪಡದೆ, ತಾನು ಕೊಟ್ಟ ಆಹಾರದಲ್ಲೇ ದೋಷವಿದ್ದೀತೆಂದು ನೊಂದು ತೊಳೆದವನು ಆತ. ವೈಯಾವೃತ್ತ್ಯವನ್ನು ನಾವು ಮುನಿಗಳಿಗೆ, ಮಾತಾಜಿಗಳಿಗೆ ಮೀಸಲಿಟ್ಟುಬಿಟ್ಟಿದ್ದೇವೆ. ಹಿಂದಿನ ಕೋಣೆಯಲ್ಲಿ ಮಲಗಿದ ಅತ್ತೆಯ ತಟ್ಟೆ ತೊಳೆಯುವ ಸೊಸೆಗೆ ಆ ಮಾತು ಯಾರೂ ಹೇಳುವುದಿಲ್ಲ. ಆ ಸೊಸೆಗೂ ಬೇಸರ, ಭಯ, ನಿದ್ರೆಗೇಡು ಇರುತ್ತದೆ. ಅವಳೂ ಆ ಕೋಣೆಗೆ ಹೋಗಬಹುದು.

ಅಜ್ಜಿಯ ಆರು ಸರದಿ ಮುಗಿದವು. ಮುಂದೆ ರೇಡಿಯೇಷನ್, ವಾರಕ್ಕೆ ಐದು ದಿನ, ಹಲವು ವಾರ. ದಿನಾಲು ಹೋಗಿಬರುವುದು ಅವರ ಮೈಗೆ ಆಗದ ಮಾತು. ಆಸ್ಪತ್ರೆಯ ಸಮೀಪದ ಧರ್ಮಶಾಲೆಯಲ್ಲಿ ಒಂದು ಕೋಣೆಯನ್ನು ಆ ಕಾರ್ಯಕರ್ತೆಯೇ ಗೊತ್ತುಮಾಡಿದರು. ಅಲ್ಲಿ ಸಂಜೆಯ ಅಡುಗೆ ಹೊತ್ತು ಮುಳುಗುವ ಮೊದಲು ಆಗುತ್ತದೆಯೇ ಎಂದು, ಇವರು ಕೇಳುವ ಮೊದಲೇ ಅವರು ವಿಚಾರಿಸಿದ್ದರಂತೆ.