ಬಾಗದ ಬೆನ್ನಿನ ವಾಸ್ತವ

ವಾಸ್ತವವಾದಿ ಚಿತ್ರಕಲೆಯಲ್ಲಿ ದುಡಿಯುವ ಹೆಣ್ಣೆಂದೊಡನೆ ಬಾಗಿದ ಬೆನ್ನು ಕಣ್ಮುಂದೆ ನಿಲ್ಲುತ್ತದೆ. ಫ್ರೆಂಚ್ ಕಲಾವಿದ ಮಿಲೆ 1857ರಲ್ಲಿ ರಚಿಸಿದ, ಕೊಯ್ಲಾದ ಹೊಲದಲ್ಲಿ ತೆನೆ ಆಯುವ ಸ್ತ್ರೀಯರ ಚಿತ್ರ ಇದಕ್ಕೆ ಪ್ರಸಿದ್ಧ ನಿದರ್ಶನ. ಅಮೆರಿಕನ್ ಕಲಾವಿದ ಜಾನ್ ಸಿಂಗರ್ ಸಾರ್ಜೆಂಟ್ ತನ್ನ 22ನೆಯ ವಯಸ್ಸಿನಲ್ಲಿ, 1878ರ ಪ್ಯಾರಿಸ್ ಸಲೋನ್ ಪ್ರದರ್ಶನಕ್ಕೆ ಕಳುಹಿಸಿದ ತೈಲಚಿತ್ರವಾದರೋ ಬೇರೆ ದಾರಿ ಹಿಡಿಯುತ್ತದೆ. ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿರುವ ಈ ಕೃತಿಯಲ್ಲಿ, ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಕಾಂಕಾಲ್ ಕಡಲತೀರದ ಹೆಂಗಸರು ಬುಟ್ಟಿ ಹಿಡಿದು, ಮಕ್ಕಳೊಡನೆ ಸಿಂಪಿ ಆಯಲು ಹೊರಟಿದ್ದಾರೆ. ಒದ್ದೆ ಮರಳಿನ ನೀರಿನಲ್ಲಿ ಆಕಾಶ ಪ್ರತಿಫಲಿಸಿದೆ. ಅವರ ನಡಿಗೆ ನೆಟ್ಟಗಿದೆ.

ಬೆಳಕಿನ ಈ ಚೆಲುವು ಶ್ರಮವನ್ನು ಮರೆಮಾಡಿತೆಂಬ ಆಕ್ಷೇಪ ಸಹಜ. ಸಿಂಪಿ ಆಯುವ ಕ್ರಿಯೆ ಚಿತ್ರದಲ್ಲಿಲ್ಲ ಎಂಬುದೂ ನಿಜ. ಆದರೆ ಕೆಲಸಕ್ಕೆ ಹೊರಡುವ ಗಳಿಗೆಯೂ ದುಡಿಮೆಯ ಬದುಕಿಗೇ ಸೇರಿದುದು. ಒಡನಾಟ, ಮಕ್ಕಳ ಪಾಲನೆ, ದಾರಿಯ ಪರಿಚಯ ಇವೆಲ್ಲ ಆ ಗಳಿಗೆಯಲ್ಲಿ ಅಡಕವಾಗಿವೆ. ಸಂಕಟದ ಪ್ರಮಾಣವನ್ನೇ ವಾಸ್ತವದ ಅಳತೆಗೋಲಾಗಿಸಿಕೊಂಡ ವಿಮರ್ಶೆ, ದುಡಿಯುವವರನ್ನು ಕೇವಲ ಕರುಣೆಯ ವಸ್ತುವಾಗಿಸುತ್ತದೆ. ಚಿತ್ರಕ್ಕೆ ಸಲ್ಲುವ ಈ ಮಾತು ಸಾಹಿತ್ಯಕ್ಕೂ ಸಲ್ಲುತ್ತದೆ. ಶ್ರಮಿಕ ಸ್ತ್ರೀಯನ್ನು ಕುರಿತ ಕನ್ನಡ ಕಥೆ, ಕಾದಂಬರಿಗಳ ಅಧ್ಯಯನವು ಆಕೆಯ ನೋವಿನೊಂದಿಗೆ ಆಕೆಯ ನಡಿಗೆಯನ್ನೂ ಗಮನಿಸಬೇಕಾಗಿದೆ.