ಭಟ್ಟಿಯ ಹೊಗೆಗೆ ಹೊಣೆ ಯಾರು?

ಆನೆಕೊಂಡದಲ್ಲಿ ಕಾರ್ಣಿಕ ಕೇಳಿ ಹೊರಟವರು ಒಂದು ಪ್ಲೇಟ್ ಮಂಡಕ್ಕಿ, ಎರಡು ಮೆಣಸಿನಕಾಯಿ ತಿನ್ನದೆ ಮನೆ ಸೇರುವುದುಂಟೆ? ಆ ಮಂಡಕ್ಕಿ ಅರಳುವುದು ಇದೇ ದಾವಣಗೆರೆಯ ಭಟ್ಟಿಗಳಲ್ಲಿ. ನಸುಕಿನಲ್ಲಿ ಒಮ್ಮೆ ಅಲ್ಲಿಗೆ ಹೋಗಿ ನೋಡಿ. ಕಾದ ಮರಳಿನ ಬಾಣಲೆಯ ಮುಂದೆ ಕೂತ ಹೆಂಗಸು ಸೆರಗನ್ನೇ ಮೂಗಿಗೆ ಸುತ್ತಿಕೊಂಡಿರುತ್ತಾಳೆ. ಸಿಡಿದ ಮರಳು ಮುಂಗೈ ಸುಟ್ಟರೂ ಒರೆಸಿಕೊಳ್ಳಲು ಪುರುಸೊತ್ತಿಲ್ಲ, ಅಷ್ಟರಲ್ಲಿ ಅಕ್ಕಿ ಸೀದುಹೋಗುತ್ತದೆ. ಒಲೆಗೆ ಹೊಟ್ಟು ಹಾಕಿದರೆ ಕಣ್ಣುರಿ, ಹಳೇ ಟೈರು ಹಾಕಿದರೆ ಉಸಿರು ಕಟ್ಟಿಸುವ ಕರಿಹೊಗೆ.

ಇದಕ್ಕೆ ಹೊಣೆ ಯಾರೆಂದು ಕೇಳಿದರೆ ಮಾಲೀಕರ ಉತ್ತರ ಸಿದ್ಧವಿರುತ್ತದೆ: 'ನಮ್ಮದೇನು ಫ್ಯಾಕ್ಟರಿಯೇ? ಅವರೇ ಮನೆಮಂದಿಯೆಲ್ಲ ಸೇರಿ ಹುರಿಯುತ್ತಾರೆ, ಚೀಲಕ್ಕಿಷ್ಟು ಎಂದು ಕೊಡುತ್ತೇವೆ.' ದುಃಖವೆಂದರೆ ಕಾನೂನಿನ ಲೆಕ್ಕವೂ ಅವರ ಕಡೆಗೇ ವಾಲಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಅಪಾಯವಿಲ್ಲದ ಜಾಗ, ಉಚಿತ ಆರೋಗ್ಯ ತಪಾಸಣೆ, ನೇಮಕಾತಿ ಪತ್ರ ಎಲ್ಲವನ್ನೂ ಉದ್ಯೋಗದಾತನ ಕರ್ತವ್ಯವೆಂದು ಬರೆದಿದೆ. ಆದರೆ ಕನಿಷ್ಠ 10 ಮಂದಿ ದುಡಿಯುವ ಜಾಗ ಅದಾಗಿರಬೇಕು. ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ ಮೊದಲು 10 ಮಂದಿ ಸಾಕಿತ್ತು, ಈಗ 20 ಬೇಕು. ಇಎಸ್‌ಐಗೂ 10ರ ಲೆಕ್ಕವೇ. ನಾಲ್ಕೈದು ಜನರ ಭಟ್ಟಿ ಎಲ್ಲಿಯೂ ಲೆಕ್ಕಕ್ಕಿಲ್ಲ. ಊರಲ್ಲೇ ಇಎಸ್‌ಐ ಆಸ್ಪತ್ರೆ ಇದ್ದರೂ ಕೆಮ್ಮುವ ಆ ಹೆಂಗಸಿಗೆ ಅದರ ಬಾಗಿಲು ತೆರೆಯುವುದಿಲ್ಲ. ಐದು ಜನ ಕುಡಿದ ಹೊಗೆ ಹೊಗೆಯಲ್ಲವೇ?

ದಾರಿ ಇಲ್ಲವೆನ್ನುವವರು ಈಗ ರದ್ದಾಗಿರುವ 1948ರ ಕಾರ್ಖಾನೆ ಕಾಯ್ದೆಯ 85ನೇ ಕಲಮು ಓದಬೇಕು. ಕಾರ್ಮಿಕರು ಎಷ್ಟೇ ಕಡಿಮೆ ಇರಲಿ, ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಆ ಜಾಗ ಕಾರ್ಖಾನೆ ಎನಿಸುತ್ತಿತ್ತು. ಮಾಲೀಕನೊಂದಿಗೆ ಒಪ್ಪಂದ ಮಾಡಿಕೊಂಡು ದುಡಿಯುವವರೂ ಕಾರ್ಮಿಕರೇ ಎಂದು ಅದು ಬಿಡಿಸಿ ಹೇಳಿತ್ತು. 'ಮನೆಮಂದಿ' ಎಂಬ ವಿನಾಯಿತಿ ಇದ್ದದ್ದು ಮಾಲೀಕನ ಸ್ವಂತ ಮನೆಯವರಿಗೆ ಮಾತ್ರ. ಹೊಸ ಸಂಹಿತೆಯಲ್ಲೂ ಅಪಾಯಕಾರಿ ಕೆಲಸವೆಂದು ಅಧಿಸೂಚಿಸಿದರೆ 10ರ ಮಿತಿ ಬಿದ್ದುಹೋಗುತ್ತದೆ. ಮಂಡಕ್ಕಿ ಭಟ್ಟಿಯನ್ನು ಆ ಪಟ್ಟಿಗೆ ಸೇರಿಸಬೇಕು. ನಮ್ಮ ಶಾಸಕರು, ಸಂಸದರು ಅದಕ್ಕಾಗಿ ಪಟ್ಟು ಹಿಡಿಯಬೇಕು.

ಸಣ್ಣ ಮಾಲೀಕರಿಗೆ ಲಾಭ ಕಡಿಮೆ, ನಿಜ. ಚಿಮಣಿಗೆ, ಹೊಗೆ ಎಳೆಯುವ ಫ್ಯಾನಿಗೆ ಸರ್ಕಾರ ಸಾಲ ಕೊಡಲಿ. ಟೈರು ಇವತ್ತೇ ನಿಲ್ಲಲಿ, ಅದಕ್ಕೆ ಯಾವ ಸಾಲವೂ ಬೇಡ. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮಾಲೀಕರ ಖರ್ಚಿನಲ್ಲೇ ಆಗಲಿ. ಅದರಿಂದ ಪ್ಲೇಟ್ ಮಂಡಕ್ಕಿಗೆ ಎರಡು ರೂಪಾಯಿ ಹೆಚ್ಚಾದರೆ ತಿನ್ನುವ ನಾವು ಕೊಡುತ್ತೇವೆ.